ಬೆಳ್ಳುಳ್ಳಿ ಹಾಕದ ಚಟ್ನಿಪುಡಿ

"ಶಿರೀನ್ ಆಂಟಿಗೆ ಬೆಳ್ಳುಳ್ಳಿ ಆಗಂಗಿಲ್ಲ ಅಂತ ನಿನಗ ಯಾರು ಹೇಳಿದ್ರು?"

"ನೀನ ಹೇಳಿರಬೇಕು."

"ನಾ ಹೇಳಿಲ್ಲ."

"ಹಂಗಾರ ನಿಮ್ಮಮ್ಮ ಹೇಳಿರಬೇಕು. ಏ, ಅಂಗೈಯಷ್ಟು ಚಟ್ನಿಪುಡಿಗೆ ಇಷ್ಟು ತನಿಖಿ ಯಾಕ? ಪೊಲೀಸ್ ನೌಕರಿ ಹಿಡದೀಯೇನು?"

"ಅಮ್ಮಗೂ ಗೊತ್ತಿಲ್ಲ. ಅಮ್ಮಾ, ನಿನಗ ಗೊತ್ತಿತ್ತಾ?"

ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಅಂಬುಜಾ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಮೃತ್ಯುಂಜಯನಿಗೆ ತಾನು ಎಲ್ಲಿ ಕಾಲಿಟ್ಟೆ ಎಂಬುದು ತಿಳಿದುಹೋಗಿತ್ತು. ತಿಳಿದ ಮೇಲೆ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಅವನು ದನಿ ಏರಿಸಿದ.

"ಹಾಕಿಲ್ಲ ಅಂದ್ರ ಹಾಕಿಲ್ಲ! ನನ್ನ ಮನಿ, ನನ್ನ ಶೇಂಗಾ, ನಾ ಕುಟ್ಟಿದ ಪುಡಿ. ಒಂದರಾಗ ಬೆಳ್ಳುಳ್ಳಿ ಹಾಕ್ತೀನಿ, ಒಂದರಾಗ ಬಿಡ್ತೀನಿ. ಅದಕ್ಕೂ ನಿನ್ನ ಅಪ್ಪಣಿ ಬೇಕೇನು?"

"ಕೂಗಬ್ಯಾಡ ಅಪ್ಪಾ. ನೀ ಕೂಗಿದಷ್ಟೂ ನನಗ ಗೊತ್ತಾಗಾಕ ಹತ್ತೈತಿ."

ಸಂಯುಕ್ತಾ ನೆಲದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದ ಸೂಟ್‌ಕೇಸಿನ ಪಕ್ಕದಲ್ಲಿ ಕೂತಿದ್ದಳು. ಕೈಯಲ್ಲಿ ಎರಡು ಪೊಟ್ಟಣ. ಒಂದು ಅವಳಿಗೆ, ಇನ್ನೊಂದು ಶಿರೀನ್ ಆಂಟಿಗೆ. ಅದಲುಬದಲಾಗಬಾರದು ಎಂದು ಅಪ್ಪ ಎರಡನೆಯದಕ್ಕೆ ಹಸಿರು ರಬ್ಬರ್ ಹಾಕಿ, ಹಾಕಿದ್ದು ಯಾಕೆ ಎಂಬುದನ್ನೂ ಬಾಯಿಬಿಟ್ಟು ಹೇಳಿದ್ದ. ಅಲ್ಲಿಗೆ ಕೆಟ್ಟಿತು.

ಮೃತ್ಯುಂಜಯ, ಅಂಬುಜಾ ದಂಪತಿಗೆ ಸಂಯುಕ್ತಾ ಒಬ್ಬಳೇ ಮಗಳು. ಹುಟ್ಟಿ ಬೆಳೆದದ್ದೆಲ್ಲ ಇದೇ ನೆಲ್ಸನ್ ಊರಿನಲ್ಲಿ. ವೆಲಿಂಗ್ಟನ್ನಿನಲ್ಲಿ ಭೂವಿಜ್ಞಾನ ಓದುತ್ತಿದ್ದವಳು ಹೋದ ಆಗಸ್ಟಿನಲ್ಲಿ ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ವರ್ಷದ ಮಟ್ಟಿಗೆ ಸ್ವೀಡನ್ನಿನ ಉಪ್ಸಾಲಾ ಎಂಬ ಊರಿಗೆ ಹೋಗಿದ್ದಳು. ಅಮ್ಮನ ಹಠಕ್ಕೆ ಕ್ರಿಸ್‌ಮಸ್ ರಜೆಗೆ ಬಂದಿದ್ದಳು. ನಾಳೆ ಬೆಳಿಗ್ಗೆ ಮತ್ತೆ ಹೊರಡುವವಳು.

ಮೃತ್ಯುಂಜಯನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಮೌಟೆರೆ ಕಡೆಯ ಸೇಬಿನ ತೋಟದಲ್ಲಿ ಅವನು ಮೇಲ್ವಿಚಾರಕ, ಇಲ್ಲಿಯವರ ಬಾಯಲ್ಲಿ ಬರೀ 'ಜಯ್'. ಅವನ ಕೈಕೆಳಗಿನ ಟೋಂಗಾ, ಸಮೋವಾದ ಹುಡುಗರು ಅವನ ಯೂಟ್ ಗಾಡಿ ಗೇಟಿನಲ್ಲಿ ತಿರುಗುವ ಸದ್ದು ಕೇಳಿಯೇ ಆ ದಿನದ ಹವಾಮಾನ ಹೇಳುತ್ತಿದ್ದರು. ಸವಣೂರಿನ ಆಚೆಯ ಹಳ್ಳಿಯಲ್ಲಿ ಹುಟ್ಟಿ, ಸರಕಾರಿ ಶಾಲೆಯ ಕಟ್ಟೆಯ ಮೇಲೆ ಅಕ್ಷರ ಕಲಿತು, ಕೃಷಿ ಕಾಲೇಜು ಮುಗಿಸಿ, ಇಪ್ಪತ್ತೈದು ವರ್ಷದ ಹಿಂದೆ ಓದಲೆಂದು ಈ ದೇಶಕ್ಕೆ ಬಂದು ಇಲ್ಲೇ ನಿಂತವನು. ಹೆಂಡತಿ ಅಂಬುಜಾ ಮೈಸೂರಿನವಳು. ಗಂಡ ಮಾತಾಡಿದರೆ ಜಗಳ, ಜಗಳವಾಡಿದರೆ ಯುದ್ಧ ಎಂದು ಮದುವೆಯ ಮೊದಲ ವರ್ಷ ಅತ್ತು, ಎರಡನೆಯ ವರ್ಷದಿಂದ ನಗುತ್ತ ಬಂದವಳು.

ಆದರೆ ಈ ಹೊತ್ತು ಅವನ ಎದೆಯಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಮಗಳು ಅವನೊಡನೆ ಜೀವನದಲ್ಲೇ ಮೊದಲ ಸಲ ಕನ್ನಡದಲ್ಲಿ ಜಗಳವಾಡುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಅವನು ಕನ್ನಡದಲ್ಲಿ ಕೂಗಿದರೆ ಅವಳು ಇಂಗ್ಲಿಷಿನಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ವೀಡನ್ನಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿ ಕನ್ನಡ ಕಲಿತುಕೊಂಡು ಬಂದ ಹುಡುಗಿ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. 'ಹತ್ತೈತಿ', 'ಆಗಂಗಿಲ್ಲ', 'ಖರೆ' — ಒಂದೊಂದು ಮಾತೂ ಅವನ ಮೈಗೆ ಬಡಿದು, ಬಡಿದಲ್ಲೇ ತಂಪು ಮಾಡುತ್ತಿತ್ತು. ಆ ಕನ್ನಡ ಎಲ್ಲಿಂದ ಬಂತು ಎಂಬುದೇ ಜಗಳದ ಬೇರು.

ಅದು ಶಿರೀನ್ ಆಂಟಿಯಿಂದ ಬಂದದ್ದು. ಆ ಕಥೆಯನ್ನು ಸಂಯುಕ್ತಾ ಈ ರಜೆಯಲ್ಲಿ ಮನೆಗೆ ಬಂದವರಿಗೆಲ್ಲ ಹೇಳಿದ್ದಳು. ನವೆಂಬರಿನ ಒಂದು ಶನಿವಾರ, ಮಧ್ಯಾಹ್ನ ಮೂರೂವರೆಗೇ ಕತ್ತಲಾದ ಊರಿನಲ್ಲಿ, ಒಂದು ಅಂಗಡಿಯೊಳಗೆ ಬದನೆಕಾಯಿ ಆರಿಸುತ್ತ ನಿಂತಿದ್ದಾಗ ಬೆನ್ನ ಹಿಂದಿನಿಂದ ಒಂದು ದನಿ: "ಅದನ್ನ ತಗೋಬ್ಯಾಡವಾ, ಬರೇ ಬೀಜ ಇರ್ತಾವ." ತಿರುಗಿ ನೋಡಿದರೆ ದಪ್ಪ ಕೋಟು ತೊಟ್ಟ, ತಲೆಗೆ ಬಟ್ಟೆ ಕಟ್ಟಿದ, ಅಮ್ಮನ ವಯಸ್ಸಿನ ಹೆಂಗಸು. ತನಗೆ ಕನ್ನಡ ಬರುತ್ತದೆಂದು ಹೇಗೆ ಗೊತ್ತಾಯಿತೆಂದು ಕೇಳಿದರೆ, "ನೀ ಬದನೀಕಾಯಿ ಬಡದು ನೋಡೂ ರೀತಿಗೆ ಗೊತ್ತಾತು" ಅಂದಿದ್ದಳಂತೆ. ಆ ಶನಿವಾರದಿಂದ ಪ್ರತಿ ಶನಿವಾರ. ಎಣ್ಣೆಗಾಯಿ, ರೊಟ್ಟಿ, ಬೈಗುಳ, ನಗು. ಕೇಳಿದವರೆಲ್ಲ "ಎಂಥಾ ಯೋಗಾಯೋಗ ನೋಡ್ರಿ" ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಮೃತ್ಯುಂಜಯನೂ ಇಡುತ್ತಿದ್ದ.

ಈಗ ಸಂಯುಕ್ತಾ ಆ ಹಸಿರು ರಬ್ಬರಿನ ಪೊಟ್ಟಣವನ್ನು ನೆಲದ ಮೇಲಿಟ್ಟಳು. ದನಿ ಇಳಿದಿತ್ತು.

"ಆಂಟಿ ಸ್ಟಾಕ್‌ಹೋಮ್‌ನಾಗ ಇರೋದು. ಬದನೀಕಾಯಿಗೆ ಅಲ್ಲಿಂದ ಟ್ರೈನ್ ಹಿಡದು ಉಪ್ಸಾಲಾಕ್ಕ ಬರ್ತಾರೇನು ಯಾರಾದ್ರೂ? ನಾ ಎಂಥಾ ಮಳ್ಳಿ. ನೀ ಕಳಿಸಿದ್ದಿ."

ಮೃತ್ಯುಂಜಯ ಬಗ್ಗಿ ಪೊಟ್ಟಣದ ರಬ್ಬರ್ ಸರಿಮಾಡಿದ.

"ಹೋಗೋವಾಗ ನನ್ನ ಕೈ ಮ್ಯಾಲ ಕೈ ಇಟ್ಟು ಏನು ಹೇಳಿದ್ದಿ? ಯಾರಿಗೂ ಫೋನ್ ಮಾಡಂಗಿಲ್ಲ ಅಂದಿದ್ದಿ. ಇಲ್ಲಿ ನಾನು ಜಯ್ ಮಗಳು. ವೆಲಿಂಗ್ಟನ್‌ಗೆ ಹೋದ್ರೆ ಪಕ್ಕದ ಪೊರಿರುವಾದಿಂದ ನೀ ಹೇಳಿಟ್ಟ ಪ್ರಭಾ ಆಂಟಿ ವಾರಕ್ಕೊಮ್ಮೆ ಬಂದು ನನ್ನ ಫ್ಲಾಟ್‌ಮೇಟ್ಸ್‌ನ ಎಣಿಸ್ಕೊಂಡು ಹೋಗ್ತಿದ್ರು. ಒಂದು ಊರು, ಅಪ್ಪಾ. ಒಂದೇ ಒಂದು ಊರಾಗ ನಾ ನನ್ನಷ್ಟಕ್ಕ ಇರ್ತೀನಿ ಅಂದಿದ್ದೆ. ಅಲ್ಲಿ ನಂಗೆ ಏನೂ ಸಿಗಲಿಲ್ಲ, ಗೊತ್ತಾ? ಫ್ರೆಂಡ್ಸ್ ಸಿಗಲಿಲ್ಲ, ಬೆಳಕು ಸಿಗಲಿಲ್ಲ. ಆಂಟಿ ಒಬ್ರು ಸಿಕ್ಕಿದ್ರು. ನಾನೇ ಹುಡುಕ್ಕೊಂಡೆ ಅಂತ ಎಷ್ಟು..." ಅವಳು ಪೊಟ್ಟಣವನ್ನು ಅಪ್ಪನ ಕಡೆಗೆ ತಳ್ಳಿದಳು. "ಅದೂ ನಿಂದೇ."

"ನಂದಲ್ಲವಾ ಅದು—"

"ಇನ್ನೊಮ್ಮೆ ಆಕೀನ್ನ ನೋಡಂಗಿಲ್ಲ ನಾನು. ಹೇಳು ನಿನ್ನ ಗೂಢಚಾರಿಣಿಗೆ. ಶನಿವಾರ ಬಾಗಿಲು ತಟ್ಟೋದು ಬ್ಯಾಡ ಅಂತ."

ಅವಳು ಎದ್ದು ಕೋಣೆಗೆ ಹೋದಳು. ಬಾಗಿಲು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಬಡಿದಿದ್ದರೆ ಮೃತ್ಯುಂಜಯನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನನಗೂ ಹೇಳ್ಲಿಲ್ಲ ನೀವು," ಅಂದಳು ಅಂಬುಜಾ.

"ನಿನಗ ಹೇಳಿದ್ರ ಊರಿಗೆಲ್ಲ ಹೇಳ್ತಿದ್ದಿ."

"ಊರಿಗೆಲ್ಲ ಆ ಬದನೆಕಾಯಿ ಕಥೆ ಹೇಳಿದ್ದೀನಿ ಕಣ್ರೀ! ದೇವರೇ ಕಳಿಸಿದ್ದು ಅಂತ ಹೇಳ್ಕೊಂಡು ತಿರುಗಿದ್ದೀನಿ. ದೇವರು ಇಲ್ಲೇ ಸೋಫಾ ಮೇಲೆ ಕಾಲು ಚಾಚ್ಕೊಂಡು ಕೂತಿತ್ತು ಅಂತ ಯಾರಿಗೆ ಗೊತ್ತು?" ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. "ಆ ಮಗು ನಾಳೆ ಆ ಕತ್ತಲೆಗೆ ವಾಪಸ್ ಹೋಗ್ಬೇಕು. ಇದ್ದ ಒಂದು ಮನೇನೂ ಮುಚ್ಚಿಸಿಬಿಟ್ರಿ."

ಈ ಮಾತು ನಾಟಿತು. ಅವನು ಗ್ಯಾರೇಜಿಗೆ ಹೋಗಿ, ಹೊಲಿಗೆ ಬಿಚ್ಚಿದ ಸೇಬಿನ ಕೊಯ್ಲಿನ ಚೀಲವೊಂದನ್ನು ಕೈಗೆತ್ತಿಕೊಂಡು, ಅದನ್ನು ರಿಪೇರಿ ಮಾಡದೆ ಸುಮ್ಮನೆ ಹಿಡಿದುಕೊಂಡು ಕೂತ.

ಹೋದ ಹೊಸದರಲ್ಲಿ ಮಗಳು ದಿನಾ ಫೋನ್ ಮಾಡುತ್ತಿದ್ದಳು. ಅವರ ರಾತ್ರಿಯೂಟಕ್ಕೆ ಅವಳ ಬೆಳಗಿನ ತಿಂಡಿ. ಅಂಬುಜಾ ಫೋನನ್ನು ಉಪ್ಪಿನಕಾಯಿ ಬಾಟಲಿಗೆ ಆನಿಸಿ ನಿಲ್ಲಿಸುತ್ತಿದ್ದಳು. ಅವಳ ಹಾಸ್ಟೆಲಿನಲ್ಲಿ ಹನ್ನೆರಡು ಕೋಣೆಗೆ ಒಂದೇ ಅಡುಗೆಮನೆಯಂತೆ. ಫ್ರಿಜ್ಜಿನಲ್ಲಿ ಒಬ್ಬೊಬ್ಬರದು ಒಂದೊಂದು ಖಾನೆ. ಒಬ್ಬರ ಈರುಳ್ಳಿ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ರಾತ್ರಿ ಹತ್ತಾದರೆ ಸುತ್ತಲಿನ ಕಟ್ಟಡದ ಹುಡುಗರೆಲ್ಲ ಕಿಟಕಿ ತೆರೆದು ಗಂಟಲು ಹರಿಯುವ ಹಾಗೆ ಕೂಗಿ, ಮತ್ತೆ ಕಿಟಕಿ ಹಾಕಿಕೊಂಡು ಓದಲು ಕೂರುತ್ತಾರಂತೆ. "ಅಪ್ಪಾ, ಇದು ನಿಂಗೆ ಹೇಳಿ ಮಾಡಿಸಿದ ಊರು" ಅಂದಿದ್ದಳು. ಆಮೇಲೆ ಅಕ್ಟೋಬರಿನಲ್ಲಿ ಫೋನು ಎರಡು ದಿನಕ್ಕೊಮ್ಮೆ ಆಯಿತು. ಮುಖ ತೋರಿಸುವುದು ನಿಂತಿತು. ನೆಟ್ ಸರಿಯಿಲ್ಲ ಅನ್ನುತ್ತಿದ್ದಳು. ಸ್ವೀಡನ್ನಿನಲ್ಲಿ ನೆಟ್ ಸರಿಯಿಲ್ಲವೆಂದರೆ ಮೃತ್ಯುಂಜಯನೂ ನಂಬುವುದಿಲ್ಲ. ಒಂದು ದಿನ ತಮಾಷೆಗೆ ಕೇಳಿದ, "ಇವತ್ತ ಯಾರ ಜೋಡಿ ಮಾತಾಡಿದಿ?" ಅವಳು ಸ್ವಲ್ಪ ಯೋಚಿಸಿ, "ಬಸ್ ಡ್ರೈವರ್‌ಗೆ ಹಾಯ್ ಅಂದೆ" ಅಂದಳು. ಮಾರನೆಯ ದಿನ ತೋಟಕ್ಕೆ ಹೋಗುವಾಗ ದಾರಿಯ ಮಧ್ಯೆ ಆ ಮಾತು ನೆನಪಾಗಿ ಯೂಟನ್ನು ಬೇಲಿಯ ಪಕ್ಕಕ್ಕೆ ನಿಲ್ಲಿಸಿದ. ಬಹಳ ಹೊತ್ತು ಗೇರು ಹಾಕಲಾಗಲಿಲ್ಲ.

ಅಲ್ಲಿಂದಲೇ ಆಕ್ಲೆಂಡಿನ ಇಕ್ರಾಮನಿಗೆ ಫೋನು ಮಾಡಿದ್ದ. ಇಕ್ರಾಮ್ ಹುಬ್ಬಳ್ಳಿಯವನು, ಓದುವ ಕಾಲದಲ್ಲಿ ಇವನ ಫ್ಲಾಟ್‌ಮೇಟ್, ಈಗ ಟೈಲ್ಸ್ ವ್ಯಾಪಾರ. ಅವನ ತಂಗಿ ಶಿರೀನ್ ಸ್ಟಾಕ್‌ಹೋಮಿನ ಒಂದು ವೃದ್ಧಾಶ್ರಮದಲ್ಲಿ ನರ್ಸು ಎಂಬುದು ನೆನಪಿತ್ತು.

ಇದರಲ್ಲಿ ತಪ್ಪೇನೆಂದು ಮೃತ್ಯುಂಜಯನಿಗೆ ಆಗ ಹೊಳೆದೇ ಇರಲಿಲ್ಲ. ಅವನು ಹಾವೇರಿಗೆ ಹೈಸ್ಕೂಲಿಗೆ ಹೋದಾಗ ಅವನ ಅಪ್ಪ ಮೊದಲು ಮಾಡಿದ ಕೆಲಸ, ಬಸ್‌ಸ್ಟ್ಯಾಂಡಿನ ಎದುರು ಗುರುತಿನವರ ಕಿರಾಣಿ ಅಂಗಡಿಗೆ ಹೋಗಿ "ನಮ್ಮ ಹುಡುಗನ ಮ್ಯಾಲ ಒಂದು ಕಣ್ಣಿಡ್ರಿ" ಎಂದದ್ದು. ಧಾರವಾಡಕ್ಕೆ ಹೋದಾಗ ಬೇರೆ ಯಾರಿಗೋ ಹೇಳಿಟ್ಟರು. ಈ ದೇಶಕ್ಕೆ ಬಂದಿಳಿದಾಗಲೂ ಯಾರದೋ ಷಡ್ಡಕನ ಸ್ನೇಹಿತ ಕೈಯಲ್ಲಿ ಸ್ವೆಟರ್ ಹಿಡಿದು ನಿಂತಿದ್ದ. ಮಕ್ಕಳನ್ನು ಪರವೂರಿಗೆ ಕಳಿಸುವಾಗ ಬುತ್ತಿ ಕಟ್ಟುತ್ತಾರೆ, ಆ ಊರಲ್ಲಿ ಒಬ್ಬರಿಗೆ ಹೇಳಿಡುತ್ತಾರೆ. ಎರಡೂ ಅವನ ಪಾಲಿಗೆ ಒಂದೇ ಕೆಲಸ.

ಆದರೆ ಮಾತು ಕೊಟ್ಟಿದ್ದನಲ್ಲ. ಅದಕ್ಕೆಂದೇ ಮುಚ್ಚಿಟ್ಟ. ಮುಚ್ಚಿಟ್ಟ ಮೇಲೆ ಅದು ಬುತ್ತಿಯಾಗಿ ಉಳಿಯಲಿಲ್ಲ ಎಂದು ಈಗ, ಹರಿದ ಚೀಲ ಹಿಡಿದು ಕೂತಾಗ ತಿಳಿಯುತ್ತಿತ್ತು. ಮಗಳು ಆ ಬದನೆಕಾಯಿ ಕಥೆ ಹೇಳುವಾಗ ಅವಳ ಕಣ್ಣು ಹೇಗೆ ಅರಳುತ್ತಿದ್ದವು! ಅವನು ಎದುರಿಗೆ ಕೂತು ಮೂಗಿನ ಮೇಲೆ ಬೆರಳಿಟ್ಟುಕೊಂಡು ನಾಟಕವಾಡಿದ್ದ.

ನನ್ನ ಮೇಲೆ ಸಿಟ್ಟಿರಲಿ, ಆ ಸಿಟ್ಟನ್ನು ನಾನು ತಿಂದುಕೊಂಡೇನು ಅನಿಸಿತು. ಆದರೆ ನಾಳಿನ ವಿಮಾನ ಅವಳನ್ನು ಇಳಿಸುವುದು ಮೂಳೆ ಕೊರೆಯುವ ಚಳಿಗೆ, ಮಾತಿಲ್ಲದ ಅಡುಗೆಮನೆಗೆ. ಶನಿವಾರ ಶಿರೀನ್ ಬಾಗಿಲು ತಟ್ಟುತ್ತಾಳೆ, ಇವಳು ತೆಗೆಯುವುದಿಲ್ಲ. ಸಂಯೂ ತೆಗೆಯುವುದಿಲ್ಲ ಎಂದರೆ ತೆಗೆಯುವುದಿಲ್ಲ. ಹಠದಲ್ಲಿ ಅವಳು ಯಾರ ಮಗಳೆಂದು ಕೇಳಬೇಕಿಲ್ಲ.

ಏಳು ಗಂಟೆಗೆ ಅವನು ಎದ್ದು ಹೋಗಿ ಅವಳ ಬಾಗಿಲ ಮುಂದೆ ನಿಂತ. ಹೊರಗೆ ಇನ್ನೂ ಹಗಲು. ಜನವರಿಯ ಬಿಸಿಲು ಹಜಾರದ ತನಕ ಬಂದಿತ್ತು.

"ಸಂಯೂ."

ಬೆರಳಿನಿಂದ ಒಮ್ಮೆ ತಟ್ಟಿದ.

"ತಪ್ಪಾತವಾ."

ಈ ಮನೆಯಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅಂಬುಜಾ ಎಂದೂ ಕೇಳಿರಲಿಲ್ಲ. ಅವಳು ಒಲೆಯ ಉರಿ ಸಣ್ಣ ಮಾಡಿದಳು.

"ಏನೇನು ಹೇಳಿದ್ರು ಆಂಟಿ ನಿನಗ?" ಒಳಗಿನಿಂದ ಮಗಳ ದನಿ. "ನಾ ಅತ್ತಿದ್ದು ಹೇಳಿದ್ರಾ? ಕ್ಲಾಸಿಗೆ ಹೋಗದೆ ಮಲಗಿದ್ದು ಹೇಳಿದ್ರಾ? ಪ್ರತಿ ಶನಿವಾರ ರಿಪೋರ್ಟ್ ಬರ್ತಿತ್ತಾ?"

"ನೀ ಅತ್ತಿದ್ದು..." ಮೃತ್ಯುಂಜಯ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅದು ನನಗ ಗೊತ್ತಿಲ್ಲ. ಈಗ ನೀ ಹೇಳಿದ್ದಕ್ಕ ಗೊತ್ತಾತು."

ಒಳಗೆ ಮಂಚ ಕಿರುಗುಟ್ಟಿತು.

"ಆಕಿ ಏನೂ ಹೇಳಲಿಲ್ಲ. ನಿನ್ನ ಫೋಟೋ, ವಿಳಾಸ ಕಳಿಸಿ, ಒಮ್ಮಿ ಹೋಗಿ ಮಾರಿ ನೋಡಿ ಬಾ ಅಂದಿದ್ದೆ, ಹೋಗಿ ಬಂದ್ಲು. ಹುಡುಗಿ ಅದಾಳ, ಉಂಡಾಳ ಅಂದ್ಲು. ನಾ ಖುಷಿಯಿಂದ, ನಮ್ಮ ಕಡೆ ಚಟ್ನಿಪುಡಿ ಕಳಸ್ತೀನಿ ಅಂದೆ. ಬೆಳ್ಳುಳ್ಳಿ ತಿಂದ್ರ ಮೈತುಂಬ ದದ್ದು ಏಳ್ತಾವ, ಬ್ಯಾಡ ಅಂದ್ಲು. ಮುಂದಿನ ವಾರ ಮತ್ತ ಫೋನ್ ಮಾಡಿದೆ. ಬೈದ್ಲು."

"ಬೈದ್ರಾ?"

"ಹಿಂಗಂದ್ರ ಹಿಂಗ ಬೈದ್ಲು. ಇನ್ನೊಮ್ಮಿ ಫೋನ್ ಹಚ್ಚಿದ್ರ ನೋಡ್ರಿ, ಅಂದ್ಲು. ಇಟ್ಟುಬಿಟ್ಲು."

ಬಾಗಿಲು ತೆರೆಯಿತು. ಸಂಯುಕ್ತಾ ಅತ್ತ ಮುಖದಲ್ಲೇ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಿನ್ನ ಯಾರೋ ಬೈದ್ರು. ನೀ ಸುಮ್ಮನೆ ಬೈಸ್ಕೊಂಡಿ?"

"ಬೈಸ್ಕೊಂಡೆ."

"ತಿರುಗಿ ಏನೂ ಅನ್ಲಿಲ್ಲ?"

"ಇಲ್ಲ."

"ಸುಳ್ಳು. ಅಪ್ಪಾ, ನೀ ಪಾರ್ಕಿಂಗ್ ಟಿಕೆಟ್ ಹಾಕಿದ ಮಷೀನ್ ಜೊತೆ ಜಗಳ ಆಡಿದೋನು. ಅಮ್ಮಾ, ಇವನು ಬೈಸ್ಕೊಂಡನಂತ!"

"ನಾನಂತೂ ನಂಬಲ್ಲ," ಅಂದಳು ಅಂಬುಜಾ ಅಡುಗೆಮನೆಯಿಂದ.

ಮೃತ್ಯುಂಜಯನಿಗೆ ಸಿಟ್ಟು ನೆತ್ತಿಗೇರಿತು. ಜೀವನದಲ್ಲಿ ಒಂದೇ ಸಲ ಬಾಯಿ ಮುಚ್ಚಿಕೊಂಡಿದ್ದಕ್ಕೆ ಸಾಕ್ಷಿ ಕೇಳುತ್ತಿದ್ದರು. "ಖರೇನ ಹೇಳಾಕ ಹತ್ತೀನಿ! ಬೇಕಾದ್ರ ಈಗಿಂದೀಗ ಫೋನ್ ಹಚ್ತೀನಿ. ಕೇಳು ನೀನ."

"ಹಚ್ಚು."

ಅವನು ಹೀಗಾಗುತ್ತದೆಂದು ಅಂದುಕೊಂಡಿರಲಿಲ್ಲ. ಆದರೆ ಮಗಳು ಕೈಕಟ್ಟಿಕೊಂಡು ನಿಂತಿದ್ದಳು. ಊಟದ ಮೇಜಿನ ಮುಂದೆ ಕೂತು, ಫೋನು ಮೇಜಿನ ಮೇಲಿಟ್ಟು, ಮೂವರಿಗೂ ಕೇಳುವ ಹಾಗೆ ದನಿ ಜೋರು ಮಾಡಿ ಹಚ್ಚಿದ. ಅಲ್ಲಿ ಬೆಳಗಿನ ಏಳು. ಬಹಳ ಹೊತ್ತು ರಿಂಗಾಯಿತು. ಎತ್ತುವುದಿಲ್ಲವೇನೋ ಅನ್ನುವಷ್ಟರಲ್ಲಿ ರೈಲಿನ ಸದ್ದು, ಅದರ ಮೇಲೆ ಒಂದು ಹೆಣ್ಣುದನಿ.

"ಯಾಕ್ರೀ ಅಣ್ಣಾರ, ಮತ್ತ ಹಚ್ಚಿದ್ರಾ? ಅವಾಗ ಬೈದದ್ದು ಕಡಿಮಿ ಆತೇನು?"

ಸಂಯುಕ್ತಾಳ ಕಟ್ಟಿದ ಕೈ ಸಡಿಲಾಯಿತು.

"ಹಂಗಲ್ಲವಾ ತಂಗಿ, ನಾ ಯಾಕ ಮಾಡಿದೆ ಅಂದ್ರ—"

"ಯಾಕರ ಮಾಡ್ರಿ. ನಾ ಏನೂ ಹೇಳಂಗಿಲ್ಲ. ಆಕಿ ಉಂಡ್ಲೋ ಬಿಟ್ಲೋ, ನಕ್ಕಳೋ ಅತ್ತಳೋ, ನನ್ನ ಹೊಟ್ಟ್ಯಾಗ ಐತಿ, ಅಲ್ಲೇ ಇರ್ತೈತಿ. ನಿಮಗ ಬೇಕಿದ್ರ ಮಗಳನ್ನ ಕೇಳ್ರಿ, ಬಾಯಿ ಇಲ್ಲೇನು ನಿಮಗ? ಇಕ್ರಾಮಣ್ಣ ಹೇಳ್ತಿದ್ದ, ನೀವು ಕೂಗಿದ್ರ ಮೂರು ಓಣಿಗೆ ಕೇಳ್ತಿತ್ತಂತ. ಇಷ್ಟು ದೊಡ್ಡ ಬಾಯಿ ಇಟ್ಕೊಂಡು, ಸ್ವಂತ ಮಗಳನ್ನ 'ಹೆಂಗದಿ' ಅಂತ ಕೇಳಾಕ ನಡುವ ನಾ ಯಾಕ ಬೇಕು?"

ಮೃತ್ಯುಂಜಯ ತಲೆ ತಗ್ಗಿಸಿದ. "ಖರೆ ಐತಿ."

"ಒಮ್ಮಿ ಹೋಗಿ ಬಾ ಅಂದ್ರಿ, ಬಂದೆ. ಅದೊಂದು ನಿಮ್ಮದು. ಆಮ್ಯಾಲಿನವು ನಮ್ಮವು. ಅದ್ರಾಗ ಕೈ ಹಾಕಬ್ಯಾಡ್ರಿ." ರೈಲು ಯಾವುದೋ ನಿಲ್ದಾಣದಲ್ಲಿ ನಿಂತಿತೇನೋ, ದನಿ ಸ್ವಲ್ಪ ಹತ್ತಿರ ಬಂತು. "ಅಣ್ಣಾರ, ನನ್ನ ಮಗ 'ಅಮ್ಮೀ' ಅಂತಾನ, ಅಲ್ಲಿಂದ ಮುಂದ ಎಲ್ಲಾ ಸ್ವೀಡಿಷ್. ನಮ್ಮವರು ತೀರಿಕೊಂಡ ಮ್ಯಾಲ ಓಣ್ಯಾಗಿನ ಮಾತು ಆಡಾಕ ನನಗೊಬ್ಬರಿಲ್ಲ. ನಿಮ್ಮ ಹುಡುಗಿ ಮುರಕ ಕನ್ನಡದಾಗ 'ಆಂಟಿ, ಹೊಟ್ಟೆ ಹಸೀತಿದೆ' ಅಂದ್ಲು ನೋಡ್ರಿ, ಆವತ್ತ ಮನಿಗೆ ಬಂದು ನಾ ಒಬ್ಬಾಕಿ ಕುಂತು ನಕ್ಕೆ. ಆಕಿ ಸಲುವಾಗಿ ರೈಲ ಹತ್ತತೀನಿ ಅಂತ ತಿಳದೀರೇನು? ನನ್ನ ಸಲುವಾಗಿ ಹತ್ತತೀನಿ. ಇಡ್ರಿ ಇನ್ನ, ನನ್ನ ಸ್ಟೇಶನ್ ಬಂತು."

"ಆಂಟಿ," ಅಂದಳು ಸಂಯುಕ್ತಾ.

ಆ ಕಡೆ ಬರೀ ಜನರ ಸದ್ದು, ಹೆಜ್ಜೆಯ ಸದ್ದು. ಯಾರೋ ಸ್ವೀಡಿಷಿನಲ್ಲಿ ಏನೋ ಘೋಷಿಸುತ್ತಿದ್ದರು.

"ಸಂಯೂ? ಬೇಟಾ, ನೀ ಅಲ್ಲೇ ಅದೀಯೇನು?"

"ಇಲ್ಲೇ ಅದೀನಿ."

"ಎಲ್ಲಾ ಕೇಳಿದಿ?"

"ನೀವೂ ನನಗ ಸುಳ್ಳು ಹೇಳಿದ್ರಿ, ಆಂಟಿ."

"ಹೇಳಿದೆ." ಆ ದೊಡ್ಡ ದನಿ ಈಗ ಸಣ್ಣದಾಗಿತ್ತು. "ಮೊದಲನೇ ಶನಿವಾರ ಹೇಳಿದೆ. ಎರಡನೇದಕ್ಕ ಖರೆ ಹೇಳಿಬಿಡ್ತೀನಂತ ಬಂದೆ, ಅಲ್ಲಾಹನಾಣೆ. ನೀ ಬಾಗಿಲಾ ತಗದಾಕೀನ ನನ್ನ ಗಟ್ಟಿ ಹಿಡಕೊಂಡಿ. 'ನೀವು ಮತ್ತ ಬರ್ತೀರೋ ಇಲ್ಲೋ ಅಂತ ಬೆಳಿಗ್ಗಿಯಿಂದ ಕಿಟಕ್ಯಾಗ ನಿಂತೀನಿ' ಅಂದಿ. ಆಮ್ಯಾಲ ನನಗ ಬಾಯಿ ಬರಲಿಲ್ಲ. ಪ್ರತಿ ವಾರ ರೈಲಿನ್ಯಾಗ ತಯಾರಿ ಮಾಡ್ಕೋತಿದ್ದೆ. ಪ್ರತಿ ವಾರ ವಾಪಸ್ ತಗೊಂಡು ಬರ್ತಿದ್ದೆ. ಸಿಟ್ಟಾಗೀಯೇನು?"

"ಆಗೀನಿ."

"ಭಾಳ?"

"ಭಾಳ."

"ಆಗು. ನನ್ನ ಮ್ಯಾಲ ಆಗೋದು ನಿನ್ನ ಹಕ್ಕು. ಆದ್ರ ಬಂದು ಎದುರಿಗೆ ಕುಂತು ಸಿಟ್ಟಾಗು. ಫೋನಿನ್ಯಾಗ ಸಿಟ್ಟಾದ್ರ ನನಗ ತಿಳಿಯಂಗಿಲ್ಲ."

ಸಂಯುಕ್ತಾ ಅತ್ತಳೋ ನಕ್ಕಳೋ ಹೇಳುವುದು ಕಷ್ಟ. ಎರಡಕ್ಕೂ ಅವಳ ಭುಜ ಒಂದೇ ಥರ ಅಲುಗುತ್ತಿದ್ದವು, ಹುಟ್ಟಿದಾಗಿನಿಂದ. ಕುರ್ಚಿ ಎಳೆದು ಕೂತು ಫೋನನ್ನು ತನ್ನ ಕಡೆಗೆ ಜರುಗಿಸಿಕೊಂಡಳು.

"ನಿಮಗೊಂದು ಹೇಳೋದೈತಿ ಆಂಟಿ," ಅಂದವಳು ತಟ್ಟನೆ ಮಾತು ನಿಲ್ಲಿಸಿ ತಲೆಯೆತ್ತಿದಳು.

ಅವಳು ಅಪ್ಪನ ಮುಖ ನೋಡಿದಳು. ಸಿಟ್ಟಿನ ನೋಟವಲ್ಲ ಅದು. ಕ್ಷಮಿಸಿದ ನೋಟವೂ ಅಲ್ಲ. ಸುಮ್ಮನೆ ಕಾಯುವ ನೋಟ. ಏನು ಕಾಯುತ್ತಿದ್ದಾಳೆಂದು ಮೃತ್ಯುಂಜಯನಿಗೆ ಒಂದು ಗಳಿಗೆ ಹೊಳೆಯಲಿಲ್ಲ. ಮಗಳು ಏನು ಹೇಳುತ್ತಾಳೋ ಎಂದು ಅವನು ಮೈಯೆಲ್ಲ ಕಿವಿಯಾಗಿ ಕೂತಿದ್ದ. ತಾನು ಹಾಗೆ ಕೂತಿರುವುದು ಅವನಿಗೇ ಕಂಡಾಗ ಹೊಳೆಯಿತು.

ಅವನು ಎದ್ದ. ಫೋನು ಅವನದೇ. ಅದನ್ನು ಅಲ್ಲೇ ಬಿಟ್ಟ.

ಬಾಗಿಲ ಹತ್ತಿರ ಜಾಂಡಲ್ ಚಪ್ಪಲಿ ಮೆಟ್ಟುವಾಗ ಅಂಬುಜಾ ಬಂದು ಪಿಸುಗುಟ್ಟಿದಳು, "ಎಲ್ಲಿಗ್ರೀ? ಊಟಕ್ಕೆ ಇಡ್ತಿದ್ದೀನಿ."

"ನೀವು ಉಣ್ರಿ. ನೀನೂ ಆ ಕಡೆ ಹಿತ್ತಲಕ್ಕ ಹೋಗು. ಅಡಿಗಿಮನ್ಯಾಗ ನಿಂದರಬ್ಯಾಡ. ಅಲ್ಲಿಗೆ ಎಲ್ಲಾ ಕೇಳಿಸ್ತೈತಿ."

"ನಿಮಗೆ ಹೇಗೆ ಗೊತ್ತು ಕೇಳಿಸತ್ತೆ ಅಂತ?"

ಅವನು ಬಾಗಿಲು ಎಳೆದುಕೊಂಡ. ಸದ್ದಾಗದ ಹಾಗೆ ಎಳೆಯಲು ಹೋಗಿ, ಅಭ್ಯಾಸವಿಲ್ಲದ ಕೈ, ಬೆರಳು ಜಜ್ಜಿಕೊಂಡ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಮೆಟ್ಟಿಲಿಳಿದ.

ಇಳಿಜಾರು ರಸ್ತೆ ಸೀದಾ ತಾಹುನಾನುಯಿ ಕಡಲತೀರಕ್ಕೆ ಇಳಿಯುತ್ತಿತ್ತು. ಮೂಲೆಯ ಕಿರಾಣಿ ಅಂಗಡಿಯವನು ಬೋರ್ಡು ಒಳಗೆ ಎಳೆದುಕೊಳ್ಳುತ್ತಿದ್ದ. "ಏನು ಜಯ್, ಇಷ್ಟು ಹೊತ್ತಿನಲ್ಲಿ, ಬರಿಗೈಯಲ್ಲಿ?" ಎಂದು ಕೇಳಿದ. ಅವನಿಗೆ ಕೈ ಎತ್ತಿ ಮುಂದೆ ಹೋದ. ನಾಲ್ಕು ಹೆಜ್ಜೆಯೂ ಇಟ್ಟಿರಲಿಲ್ಲ, ಮೇಲೆ ಮನೆಯ ಕಡೆಯಿಂದ ಒಂದು ನಗು ತೇಲಿ ಬಂದಂತಾಯಿತು. ಕಿಟಕಿ ತೆರೆದೇ ಇತ್ತಲ್ಲ. ಮಗಳದೋ, ಫೋನಿನೊಳಗಿನದೋ, ಪಕ್ಕದ ಮನೆಯವರದೋ. ಕಾಲು ತಾನಾಗಿ ನಿಧಾನವಾಯಿತು. ಯಾವ ಮಾತಿಗೆ ನಕ್ಕರು? ತನ್ನ ಮಾತೇ ಇರಬೇಕು. ಬೈಸಿಕೊಂಡ ಅಪ್ಪನ ಮಾತು. ಇಲ್ಲ, ಬೇರೆ ಏನೋ ಇರಬಹುದು, ತನಗೆ ಗೊತ್ತೇ ಇಲ್ಲದ್ದು, ಆ ಊರಿನದು. ಯಾರೋ ಹುಡುಗನದೂ ಇರಬಹುದು. ಇದ್ದರೆ?

ಇದ್ದರೆ ಇರಲಿ, ಅಂದುಕೊಂಡ. ಅಂದುಕೊಳ್ಳಲು ಅರ್ಧ ರಸ್ತೆ ಬೇಕಾಯಿತು.

ಸಮುದ್ರ ಬಹಳ ದೂರ ಇಳಿದುಹೋಗಿತ್ತು. ಒದ್ದೆ ಮರಳಿನ ಮೇಲೆ ಒಂದಿಬ್ಬರು ನಾಯಿ ಹಿಡಿದುಕೊಂಡು ತಿರುಗುತ್ತಿದ್ದರು. ಅವನು ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಗುಡ್ಡದ ಮೇಲಿನಿಂದ ಅಂಬುಜಾಳ ಕೂಗು, "ರೀ... ಬನ್ರೀ... ಆರಿಹೋಗತ್ತೆ!" ಅವಳು ಕರೆಯುತ್ತಿದ್ದಾಳೆಂದರೆ ಮಾತು ಮುಗಿದಿರಬೇಕು. ಮುಗಿಯದೆಯೂ ಇರಬಹುದು. ಅವಳಿಗೂ ತಡೆಯಲಾಗದೆ ಕರೆದಿರಬಹುದು.

ಅಲ್ಲಿಂದ ತಿರುಗಿದರೆ ಮನೆಯ ಕಿಟಕಿ ಕಾಣುತ್ತದೆ. ಮೃತ್ಯುಂಜಯ ತಿರುಗಲಿಲ್ಲ. ಕೇಳಿಸಿತು ಎಂಬುದಕ್ಕೆ ಚಪ್ಪಲಿ ಹಿಡಿದ ಕೈ ಮೇಲೆತ್ತಿ, ಇನ್ನೂ ಮುಂದೆ, ಮರಳಿನ ದಂಡೆ ಬಾಗಿಕೊಂಡು ಹೋಗುವ ಆ ತುದಿಯ ಕಡೆಗೆ ನಡೆದ.